ಹಾಟ್ ಸ್ಪ್ರಿಂಗ್ಸ್‌ನ ಮ್ಯಾಮತ್ ಪಳೆಯುಳಿಕೆ ತಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಸೌತ್ ಡಕೋಟಾ ರಾಜ್ಯಕ್ಕೆ ಪ್ರವಾಸ ಹೋಗುವ ಕನ್ನಡಿಗರಲ್ಲಿ ಹೆಚ್ಚಿನವರು ಮೌಂಟ್ ರಷ್ಮೋರ್ ನೋಡಿಕೊಂಡು ಹಿಂತಿರುಗುತ್ತಾರೆ. ಅಲ್ಲಿಂದ ದಕ್ಷಿಣಕ್ಕೆ ಒಂದೂವರೆ ಗಂಟೆಯೊಳಗಿನ ದಾರಿಯಲ್ಲಿ, ಆನೆಗಳ ದಾಯಾದಿಗಳಾದ ಹಿಮಯುಗದ ಮ್ಯಾಮತ್‌ಗಳ ಮೂಳೆಗಳು ಬಿದ್ದ ಜಾಗದಲ್ಲೇ ಬಿದ್ದಿರುವ ಒಂದು ತಾಣವಿದೆ. ಅಲ್ಲಿಗೆ ಹೋಗಬೇಕೆಂದಿರುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಈ ತಾಣ ಎಲ್ಲಿದೆ? ಅಲ್ಲಿ ನೋಡಲು ಏನಿದೆ?

ಸೌತ್ ಡಕೋಟಾದ ನೈರುತ್ಯ ಮೂಲೆಯಲ್ಲಿ, ಬ್ಲ್ಯಾಕ್ ಹಿಲ್ಸ್ ಬೆಟ್ಟಸಾಲಿನ ದಕ್ಷಿಣದ ಅಂಚಿನಲ್ಲಿ, ಹಾಟ್ ಸ್ಪ್ರಿಂಗ್ಸ್ ಎಂಬ ಸಣ್ಣ ಊರಿದೆ. ಊರಿನ ಹೆಸರೇ ಹೇಳುವಂತೆ ಅಲ್ಲಿ ಬೆಚ್ಚನೆಯ ನೀರಿನ ಬುಗ್ಗೆಗಳಿವೆ. ಊರಿನ ಅಂಚಿನ ಹೆದ್ದಾರಿಯ ಬದಿಯಲ್ಲಿರುವ ದೊಡ್ಡ ಕಟ್ಟಡವೊಂದರೊಳಗೆ, ಹಿಂದೆ ಕೊಳವಾಗಿದ್ದ ಒಂದು ಗುಂಡಿಯ ಹೂಳನ್ನು ಅಗೆದು ತೆರೆದಿಟ್ಟಿದ್ದಾರೆ. ಆ ಹೂಳಿನಲ್ಲಿ ತಲೆಬುರುಡೆಗಳು, ಬಾಗಿದ ದಂತಗಳು, ದವಡೆ ಹಲ್ಲುಗಳು, ಬೆನ್ನುಮೂಳೆಯ ಸಾಲುಗಳು ಮತ್ತು ಕಾಲಿನ ಮೂಳೆಗಳು ಒಂದರ ಮೇಲೊಂದು ಬಿದ್ದಿವೆ. ಇದುವರೆಗೆ ಅಲ್ಲಿ 61 ಮ್ಯಾಮತ್‌ಗಳನ್ನು ಗುರುತಿಸಲಾಗಿದೆ. ಅವುಗಳಲ್ಲಿ 58 ಕೊಲಂಬಿಯನ್ ಮ್ಯಾಮತ್‌ಗಳು, ಉಳಿದ 3 ಉಣ್ಣೆ ಮ್ಯಾಮತ್‌ಗಳು.

ಇದು ಪತ್ತೆಯಾದದ್ದು ಹೇಗೆ?

1974ರ ಬೇಸಿಗೆಯಲ್ಲಿ ಈ ಜಾಗದಲ್ಲಿ ಮನೆಗಳನ್ನು ಕಟ್ಟಲು ಒಂದು ಸಣ್ಣ ದಿಬ್ಬವನ್ನು ಸಮ ಮಾಡಲಾಗುತ್ತಿತ್ತು. ಬುಲ್ಡೋಜರ್ ಓಡಿಸುತ್ತಿದ್ದ ಜಾರ್ಜ್ ಹ್ಯಾನ್ಸನ್ ಅವರಿಗೆ, ಯಂತ್ರದ ಅಲಗಿಗೆ ಸಿಕ್ಕಿ ಉದ್ದಕ್ಕೆ ಸೀಳಿಹೋದ ಬಿಳಿಯ ವಸ್ತುವೊಂದು ಮಣ್ಣಿನಲ್ಲಿ ಹೊಳೆದದ್ದು ಕಂಡಿತು. ಅದು ಸುಮಾರು 7 ಅಡಿ ಉದ್ದದ ದಂತ. ಅವರು ಅದನ್ನು ಪಕ್ಕಕ್ಕೆ ದೂಡಿ ಕೆಲಸ ಮುಂದುವರಿಸದೆ, ಕಾಲೇಜಿನಲ್ಲಿ ಭೂವಿಜ್ಞಾನದ ಪಾಠ ಕೇಳಿದ್ದ ತಮ್ಮ ಮಗನಿಗೆ ತೋರಿಸಿದರು. ಮಗನ ಮೂಲಕ ಸುದ್ದಿ ಪಕ್ಕದ ನೆಬ್ರಾಸ್ಕಾ ರಾಜ್ಯದಲ್ಲಿ ಕೆಲಸ ಮಾಡುತ್ತಿದ್ದ ವಿಜ್ಞಾನಿ ಲ್ಯಾರಿ ಏಗನ್‌ಬ್ರಾಡ್ ಅವರಿಗೆ ಮುಟ್ಟಿತು. ಅವರು ಮುಂದೆ ನಾಲ್ಕು ದಶಕಗಳ ಕಾಲ, 2014ರಲ್ಲಿ ತೀರಿಕೊಳ್ಳುವವರೆಗೂ, ಈ ತಾಣದೊಂದಿಗೆ ಇದ್ದರು.

ಇಲ್ಲಿ ಜಮೀನಿನ ಮಾಲೀಕ ಫಿಲ್ ಆ್ಯಂಡರ್ಸನ್ ಅವರ ಪಾತ್ರವನ್ನು ವಿಶೇಷವಾಗಿ ಹೇಳಬೇಕು. ಅಮೆರಿಕದ ಕಾನೂನಿನ ಪ್ರಕಾರ ಖಾಸಗಿ ಜಮೀನಿನಲ್ಲಿ ಸಿಕ್ಕ ಪಳೆಯುಳಿಕೆ ಜಮೀನಿನ ಮಾಲೀಕರದು. ಅವರು ಅದನ್ನು ಮಾರಬಹುದು, ಮನೆಯಲ್ಲಿಟ್ಟುಕೊಳ್ಳಬಹುದು, ಮಣ್ಣು ಮುಚ್ಚಿ ಮೇಲೆ ಮನೆಯನ್ನೂ ಕಟ್ಟಬಹುದು. ಇದೇ ರಾಜ್ಯದಲ್ಲಿ 1990ರಲ್ಲಿ ಸಿಕ್ಕ ‘ಸ್ಯೂ’ ಎಂಬ ಟೈರನೋಸಾರಸ್ ಜಾತಿಯ ಡೈನೋಸಾರ್‌ನ ಮೂಳೆಗಳು ಯಾರಿಗೆ ಸೇರಬೇಕೆಂಬ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, ಕೊನೆಗೆ 1997ರಲ್ಲಿ ಅವು ಸುಮಾರು 83.6 ಲಕ್ಷ ಡಾಲರ್‌ಗೆ ಹರಾಜಾದವು. ಆ್ಯಂಡರ್ಸನ್ ಅವರು ಮನೆ ಕಟ್ಟುವ ಯೋಜನೆಯನ್ನು ನಿಲ್ಲಿಸಿ, ತಾವು ಕೊಟ್ಟಿದ್ದ ಬೆಲೆಗೇ ಜಮೀನನ್ನು ಊರಿನವರು ಸ್ಥಾಪಿಸಿದ ಲಾಭರಹಿತ ಸಂಸ್ಥೆಗೆ ಬಿಟ್ಟುಕೊಟ್ಟರು. ಮೂಳೆಗಳು ಊರು ಬಿಟ್ಟು ಹೋಗದಿರಲು ಇದೇ ಕಾರಣ. 1980ರಲ್ಲಿ ಈ ಜಾಗಕ್ಕೆ ರಾಷ್ಟ್ರೀಯ ನೈಸರ್ಗಿಕ ಹೆಗ್ಗುರುತು ಎಂಬ ಮಾನ್ಯತೆ ದೊರೆಯಿತು.

ದಿಬ್ಬದ ಒಳಗೆ ಕೊಳ ಇದ್ದದ್ದು ಹೇಗೆ ಸಾಧ್ಯ?

ಈ ಪ್ರಶ್ನೆಗೆ ಉತ್ತರ ತಿಳಿದುಕೊಂಡು ಒಳಗೆ ಹೋದರೆ ಅಲ್ಲಿ ಕಾಣುವುದೆಲ್ಲ ಸುಲಭವಾಗಿ ಅರ್ಥವಾಗುತ್ತದೆ. ಈ ಭಾಗದ ನೆಲದಡಿಯಲ್ಲಿ ಮಿನ್ನೆಲೂಸಾ ಎಂದು ಕರೆಯುವ ಶಿಲಾಸ್ತರವಿದ್ದು, ಅದರಲ್ಲಿ ಸುಣ್ಣಕಲ್ಲೂ ಜಿಪ್ಸಮ್ ಜಾತಿಯ ಖನಿಜಗಳೂ ಇವೆ. ನೀರು ಇವನ್ನು ನಿಧಾನವಾಗಿ ಕರಗಿಸುತ್ತ ಹೋದಂತೆ ಒಳಗೆ ಪೊಳ್ಳು ಏರ್ಪಟ್ಟು, ಒಂದು ಹಂತದಲ್ಲಿ ಅದರ ಮೇಲ್ಛಾವಣಿ ಕುಸಿಯಿತು. ಮೇಲಿದ್ದ ಸ್ಪಿಯರ್‌ಫಿಶ್ ಸ್ತರದ ಕೆಂಪು ಪದರಗಲ್ಲೂ ಅದರೊಂದಿಗೆ ಕುಸಿದು ನೆಲದಲ್ಲಿ ಆಳವಾದ ಗುಂಡಿ ಬಿತ್ತು. ಕುಸಿದ ಕಲ್ಲುಗಳ ಸಂದಿಯಿಂದ ಬೆಚ್ಚನೆಯ ನೀರು ಮೇಲಕ್ಕೆ ಚಿಮ್ಮಿ ಗುಂಡಿಯನ್ನು ತುಂಬಿ ಕೊಳವಾಯಿತು.

ಕೊಳದ ಅಗಲ ಸುಮಾರು 120 ಅಡಿ, ಉದ್ದ ಸುಮಾರು 150 ಅಡಿ. ಕೊಳವೆ ಕೊರೆದು ನೋಡಿದಾಗ ಹೂಳು 65 ಅಡಿಗೂ ಹೆಚ್ಚು ಆಳಕ್ಕೆ ಇಳಿದಿರುವುದು ತಿಳಿದಿದೆ. ನೂರಾರು ವರ್ಷಗಳ ಕಾಲ ಮರಳು, ಜೇಡಿ ಮತ್ತು ಸಣ್ಣ ಜಲ್ಲಿ ಪದರ ಪದರವಾಗಿ ಕೂತು ಗುಂಡಿ ತುಂಬಿಹೋಯಿತು. ಬುಗ್ಗೆಯ ನೀರು ತಗ್ಗಾದ ಬೇರೆ ದಾರಿ ಹಿಡಿಯಿತು. ಆಮೇಲೆ ನಡೆದದ್ದು ವಿಚಿತ್ರ. ಗುಂಡಿಯಲ್ಲಿ ತುಂಬಿದ ಹೂಳು ಗಟ್ಟಿಯಾಯಿತು, ಸುತ್ತಲಿದ್ದ ಕೆಂಪು ಪದರಗಲ್ಲು ಅದಕ್ಕಿಂತ ಮೆದುವಾಗಿದ್ದುದರಿಂದ ಮಳೆಗಾಳಿಗೆ ಸವೆದುಹೋಯಿತು. ಹೀಗೆ ಒಂದು ಕಾಲದ ತಗ್ಗು ಇನ್ನೊಂದು ಕಾಲದ ದಿಬ್ಬವಾಯಿತು. ಬುಲ್ಡೋಜರ್ ಸಮ ಮಾಡಲು ಹೊರಟದ್ದು ಇದೇ ದಿಬ್ಬವನ್ನು.

ಇಷ್ಟೊಂದು ಮ್ಯಾಮತ್‌ಗಳು ಒಂದೇ ದಿನ ಸತ್ತವೇ?

ಇಲ್ಲ. ಪ್ರವಾಹದಲ್ಲಿ ಇಡೀ ಹಿಂಡು ಕೊಚ್ಚಿಹೋಗಿರಬೇಕೆಂದು ಮೊದಲ ಸಲ ನೋಡಿದವರು ಊಹಿಸುವುದು ಸಹಜ. ಆದರೆ ಮೂಳೆಗಳು ಹೂಳಿನ ಬೇರೆ ಬೇರೆ ಪದರಗಳಲ್ಲಿ, ಬೇರೆ ಬೇರೆ ಆಳದಲ್ಲಿ ಇವೆ. ಹಲವು ಶತಮಾನಗಳ ಅವಧಿಯಲ್ಲಿ ಪ್ರಾಣಿಗಳು ಒಂದೊಂದಾಗಿ ಬಿದ್ದು ಸತ್ತಿವೆ ಎಂಬುದು ಇದರ ಅರ್ಥ.

ಬೆಚ್ಚನೆಯ ನೀರಿನ ಕೊಳದ ಅಂಚಿನಲ್ಲಿ ಚಳಿಗಾಲದಲ್ಲೂ ಹಸಿರು ಉಳಿದಿರುತ್ತಿತ್ತು. ಬೇಸಿಗೆಯಲ್ಲಿ ಕಬಿನಿಯ ಹಿನ್ನೀರು ಇಳಿದಾಗ ದಡದ ಎಳೆಹುಲ್ಲಿಗಾಗಿ ಸುತ್ತಲ ಕಾಡಿನ ಆನೆಗಳೆಲ್ಲ ಅಲ್ಲಿಗೆ ಬರುವುದನ್ನು ಕಂಡವರಿಗೆ, ಹಿಮ ಮುಚ್ಚಿದ ಬಯಲಿನ ನಡುವಿನ ಈ ಹಸಿರು ಅಂಚು ಮ್ಯಾಮತ್‌ಗಳನ್ನು ಹೇಗೆ ಸೆಳೆದಿರಬಹುದೆಂದು ವಿವರಿಸಬೇಕಿಲ್ಲ. ತೊಂದರೆ ಇದ್ದದ್ದು ಕೊಳದ ದಡದಲ್ಲಿ. ಕೆಂಪು ಪದರಗಲ್ಲು ಒದ್ದೆಯಾದರೆ ಬಹಳ ಜಾರುತ್ತದೆ, ದಡವೂ ಕಡಿದಾಗಿತ್ತು. ಹುಲ್ಲಿಗಾಗಿಯೋ ನೀರಿಗಾಗಿಯೋ ಒಂದು ಹೆಜ್ಜೆ ಮುಂದಿಟ್ಟು ಜಾರಿದ ಪ್ರಾಣಿಗೆ ಮತ್ತೆ ಮೇಲೆ ಹತ್ತಲು ಹಿಡಿತ ಸಿಗುತ್ತಿರಲಿಲ್ಲ. ಎಂಟು ಹತ್ತು ಟನ್ ತೂಗುವ ಜೀವ ತನ್ನ ಭಾರವನ್ನೇ ಎತ್ತಿಕೊಳ್ಳಲಾಗದೆ, ದಣಿದು, ಹಸಿದು ಸಾಯುತ್ತಿತ್ತು ಅಥವಾ ಮುಳುಗುತ್ತಿತ್ತು. ಕೊಳದೊಳಗೆ ಅವು ಒದ್ದಾಡಿ ತುಳಿದ ಗುರುತುಗಳು ಪದರಗಳ ಅಡ್ಡಸೀಳಿನಲ್ಲಿ ಕಾಣುತ್ತವೆ: ನೇರವಾಗಿ ಸಾಗುವ ಗೆರೆಗಳು ಒಂದೆಡೆ ಇದ್ದಕ್ಕಿದ್ದಂತೆ ಕೆಳಗೆ ಬಾಗಿರುತ್ತವೆ. ಮೂಳೆಗಳ ಮೇಲಿನ ಕಣ್ಣು ತೆಗೆದು ಮಣ್ಣಿನ ಗೋಡೆಯನ್ನೂ ಸ್ವಲ್ಪ ಹೊತ್ತು ನೋಡಿದರೆ ಇದು ತಿಳಿಯುತ್ತದೆ.

ಸತ್ತವೆಲ್ಲ ಗಂಡುಗಳೇ ಎಂದು ಹೇಳುತ್ತಾರೆ. ಅದು ಹೇಗೆ ಗೊತ್ತಾಯಿತು?

ಸೊಂಟದ ಮೂಳೆಯಿಂದ. ಹೆಣ್ಣಿನಲ್ಲಿ ಮರಿ ಹೊರಬರುವ ದಾರಿ ಅಗಲವಾಗಿರುತ್ತದೆ. ಗಂಡಿನಲ್ಲಿ ಆ ತೆರಪು ಕಿರಿದಾಗಿದ್ದು ಅದರ ಪಕ್ಕದ ಮೂಳೆ ದಪ್ಪವಾಗಿರುತ್ತದೆ. ಈ ಎರಡು ಅಳತೆಗಳ ಅನುಪಾತವನ್ನು ಈಗಿನ ಆನೆಗಳಲ್ಲಿ ನೋಡಿಕೊಂಡು, ಇಲ್ಲಿಯ ಮೂಳೆಗಳಿಗೆ ಹೋಲಿಸಿದಾಗ ಅಳತೆಗೆ ಸಿಕ್ಕವು ಗಂಡಿನವೆಂದು ಕಂಡುಬಂತು. ವಯಸ್ಸು ತಿಳಿಯುವುದು ಹಲ್ಲುಗಳಿಂದ. ಆನೆಗಳಂತೆ ಮ್ಯಾಮತ್‌ಗಳಿಗೂ ಜೀವಮಾನದಲ್ಲಿ ಆರು ಸಲ ದವಡೆ ಹಲ್ಲು ಬರುತ್ತಿದ್ದವು. ಹಳೆಯ ಹಲ್ಲು ಸವೆಯುತ್ತ ಮುಂದಕ್ಕೆ ಸರಿದಂತೆ ಹಿಂದಿನಿಂದ ಹೊಸದು ಬರುತ್ತಿತ್ತು. ಎಷ್ಟನೆಯ ಹಲ್ಲು, ಎಷ್ಟು ಸವೆದಿದೆ ಎಂದು ನೋಡಿ ವಯಸ್ಸನ್ನು ಅಂದಾಜು ಮಾಡಬಹುದು. ಹೀಗೆ ನೋಡಿದಾಗ ಸತ್ತವುಗಳಲ್ಲಿ ಹೆಚ್ಚಿನವು ಹರೆಯದವು ಮತ್ತು ಹೊಸ ಪ್ರಾಯದವು ಎಂದು ತಿಳಿದುಬಂದಿದೆ.

ಗಂಡುಗಳೇ ಏಕೆ ಎಂಬುದಕ್ಕೆ ಉತ್ತರ ನಮ್ಮ ಕಾಡಿನ ಆನೆಗಳಲ್ಲೇ ಇದೆ. ಹಿರಿಯ ಹೆಣ್ಣಾನೆಯ ಹಿಂದೆ ತಾಯಂದಿರು, ಅಕ್ಕತಂಗಿಯರು ಮತ್ತು ಮರಿಗಳು ಒಟ್ಟಾಗಿ ಓಡಾಡುತ್ತಾರೆ. ಯಾವ ನೀರು ಸುರಕ್ಷಿತ, ಯಾವ ದಾರಿ ಅಪಾಯ ಎಂಬುದು ಆ ಹಿರಿಯಳ ನೆನಪಿನಲ್ಲಿರುತ್ತದೆ. ಗಂಡುಮರಿ ಹರೆಯಕ್ಕೆ ಬರುತ್ತಿದ್ದಂತೆ ಹಿಂಡಿನಿಂದ ಹೊರಬೀಳುತ್ತದೆ. ಎಚ್ಚರಿಸುವವರಿಲ್ಲದ ಆ ವರ್ಷಗಳಲ್ಲಿ ಅದು ಹೊಸ ಜಾಗಗಳನ್ನು ತಾನೇ ಹುಡುಕಬೇಕು, ಅಪಾಯಕ್ಕೂ ಬೇಗ ಒಡ್ಡಿಕೊಳ್ಳುತ್ತದೆ. ತೋಟಕ್ಕೆ ನುಗ್ಗಿ ಸುದ್ದಿಯಾಗುವುದು, ಹಳ್ಳಕ್ಕೆ ಬಿದ್ದು ಅರಣ್ಯ ಇಲಾಖೆಯವರು ಜೆಸಿಬಿ ತರಿಸಬೇಕಾಗುವುದು ಬಹಳ ಸಲ ಇಂಥ ಒಂಟಿ ಸಲಗಗಳಿಂದಲೇ. ಮ್ಯಾಮತ್‌ಗಳ ಸಂಸಾರವೂ ಹೀಗೇ ಇತ್ತು ಎಂಬುದಕ್ಕೆ ಹಾಟ್ ಸ್ಪ್ರಿಂಗ್ಸ್‌ನ ಗುಂಡಿ ಸಾಕ್ಷಿ. 2017ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಇದಕ್ಕೆ ಪೂರಕವಾಗಿದೆ: ಸೈಬೀರಿಯಾದಲ್ಲಿ ಸಿಕ್ಕ ಉಣ್ಣೆ ಮ್ಯಾಮತ್‌ಗಳ ಡಿಎನ್ಎ ಪರೀಕ್ಷೆಯಲ್ಲಿ ಲಿಂಗ ತಿಳಿದ 95 ಮಾದರಿಗಳಲ್ಲಿ ಶೇ 69ರಷ್ಟು ಗಂಡುಗಳಾಗಿದ್ದವು. ಕೆಸರು, ಹಳ್ಳ, ತೆಳುವಾದ ಮಂಜುಗಡ್ಡೆಗಳಿಗೆ ಸಿಕ್ಕಿಬೀಳುವುದರಲ್ಲಿ ಅಲ್ಲಿಯೂ ಗಂಡುಗಳೇ ಮುಂದಿದ್ದವು ಎಂದು ಸಂಶೋಧಕರು ವಿವರಿಸಿದ್ದಾರೆ.

61 ಎಂಬ ಲೆಕ್ಕ ಎಲ್ಲಿಂದ ಬಂತು?

ದಂತಗಳನ್ನು ಎಣಿಸಿ. ಮೂಳೆಗಳು ಚದುರಿ ಬೆರೆತಿರುವ ಕಡೆ ಯಾವ ಪಕ್ಕೆಲುಬು ಯಾವ ಪ್ರಾಣಿಯದೆಂದು ಬಿಡಿಸುವುದು ಕಷ್ಟ. ದಂತಗಳಾದರೆ ಒಂದು ಪ್ರಾಣಿಗೆ ಎರಡೇ, ಆದ್ದರಿಂದ ಸಿಕ್ಕ ದಂತಗಳನ್ನು ಎಣಿಸಿ ಎರಡರಿಂದ ಭಾಗಿಸಿದರೆ ಪ್ರಾಣಿಗಳ ಲೆಕ್ಕ ಸಿಗುತ್ತದೆ. ಆದರೆ 61 ಎಂಬುದು ಅಂತಿಮ ಸಂಖ್ಯೆಯಲ್ಲ. ಅಗೆದಿರುವುದು ಹೂಳಿನ ಮೇಲಿನ ಭಾಗವನ್ನು ಮಾತ್ರ.

ಈ ಮೂಳೆಗಳು ಎಷ್ಟು ಹಳೆಯವು? ಒಂದೊಂದು ಕಡೆ ಒಂದೊಂದು ಸಂಖ್ಯೆ ಕಾಣುತ್ತದಲ್ಲ?

ಹಳೆಯ ಪುಸ್ತಕಗಳಲ್ಲಿ ಮತ್ತು ಹಳೆಯ ಪ್ರವಾಸ ಬರಹಗಳಲ್ಲಿ ಸುಮಾರು 26,000 ವರ್ಷ ಎಂದಿರುತ್ತದೆ. ಈಗ ತಾಣದವರು ಹೇಳುವುದು ಸುಮಾರು 1,40,000 ವರ್ಷ. ಮೊದಲ ಸಂಖ್ಯೆ ಬಂದದ್ದು ರೇಡಿಯೊಕಾರ್ಬನ್ ವಿಧಾನದಿಂದ. ಆ ವಿಧಾನ ಸರಿಯಾಗಿ ಕೆಲಸ ಮಾಡಲು ಮೂಳೆಯಲ್ಲಿ ಮೂಲದ ಜೈವಿಕ ಅಂಶ ಉಳಿದಿರಬೇಕು, ಮತ್ತು ಸುಮಾರು 50,000 ವರ್ಷಕ್ಕಿಂತ ಹಳೆಯದಕ್ಕೆ ಅದು ನಿಲುಕುವುದಿಲ್ಲ. ಬೆಚ್ಚನೆಯ ಬುಗ್ಗೆ ನೀರಿನಲ್ಲಿ ನೆನೆದ ಈ ಮೂಳೆಗಳಲ್ಲಿ ಆ ಅಂಶ ಉಳಿದಿಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ನಂತರದ ಸಂಶೋಧಕರು ಮೂಳೆಯನ್ನು ಬಿಟ್ಟು ಅದನ್ನು ಮುಚ್ಚಿದ ಮಣ್ಣಿನ ವಯಸ್ಸನ್ನು ಕಂಡುಹಿಡಿದರು. ಖನಿಜದ ಕಣವೊಂದು ಬಿಸಿಲು ಕಾಣದಂತೆ ಹೂತುಹೋದ ಮೇಲೆ, ಸುತ್ತಲಿನ ಸಹಜ ವಿಕಿರಣದಿಂದ ಅದರೊಳಗೆ ಶಕ್ತಿ ಸಂಗ್ರಹವಾಗುತ್ತ ಹೋಗುತ್ತದೆ. ಪ್ರಯೋಗಾಲಯದಲ್ಲಿ ಅದನ್ನು ಬೆಳಕಿನ ರೂಪದಲ್ಲಿ ಬಿಡುಗಡೆ ಮಾಡಿಸಿ ಅಳೆದರೆ, ಆ ಕಣ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ಹೇಳಬಹುದು. ಹೊಸ ಸಂಖ್ಯೆ ಈ ವಿಧಾನದ್ದು. ಬೇರೆ ಬರಹಗಳನ್ನು ಓದುವಾಗ 26,000 ಎಂದು ಕಂಡರೆ ಅದು ಹಳೆಯ ಮಾಹಿತಿ ಎಂದು ತಿಳಿಯಿರಿ.

ಕೊಲಂಬಿಯನ್ ಮ್ಯಾಮತ್‌ಗೂ ಉಣ್ಣೆ ಮ್ಯಾಮತ್‌ಗೂ ಏನು ವ್ಯತ್ಯಾಸ? ನಮ್ಮ ಆನೆಗೆ ಅವು ಹೇಗೆ ಸಂಬಂಧ?

ಚಿತ್ರಗಳಲ್ಲಿ ಕಾಣುವ, ಮೈತುಂಬ ಉದ್ದ ಕೂದಲಿನ ಪ್ರಾಣಿ ಉಣ್ಣೆ ಮ್ಯಾಮತ್. ಅದು ಹೆಚ್ಚುಕಡಿಮೆ ಈಗಿನ ಆನೆಯಷ್ಟೇ ಎತ್ತರವಿತ್ತು. ಉತ್ತರ ಅಮೆರಿಕದ ಬಯಲುಗಳಲ್ಲಿ ಬದುಕಿದ್ದ ಕೊಲಂಬಿಯನ್ ಮ್ಯಾಮತ್ ಅದಕ್ಕಿಂತ ಬಹಳ ದೊಡ್ಡದು. ದೊಡ್ಡ ಗಂಡುಗಳು ಭುಜದ ಬಳಿ 4 ಮೀಟರ್‌ವರೆಗೆ ಬೆಳೆಯುತ್ತಿದ್ದವು, ಮೈಕೂದಲು ಕಡಿಮೆ ಎಂದು ಭಾವಿಸಲಾಗಿದೆ.

ಮ್ಯಾಮತ್‌ಗಳು ಈಗಿನ ಆನೆಗಳ ಪೂರ್ವಜರಲ್ಲ, ದಾಯಾದಿಗಳು. ಅದರಲ್ಲೂ ಆಫ್ರಿಕಾದ ಆನೆಗಿಂತ ಏಷ್ಯಾದ ಆನೆ, ಅಂದರೆ ನಾಗರಹೊಳೆ ಬಂಡೀಪುರದ ಆನೆ, ಮ್ಯಾಮತ್‌ಗೆ ಹತ್ತಿರದ ಸಂಬಂಧಿ ಎಂಬುದು ಡಿಎನ್ಎ ಅಧ್ಯಯನಗಳಿಂದ ಖಚಿತವಾಗಿದೆ. ಭಾರತದಲ್ಲಿ ಅತಿ ಹೆಚ್ಚು ಕಾಡಾನೆಗಳಿರುವ ರಾಜ್ಯದಿಂದ ಹೋಗುವವರು ಈ ಮೂಳೆಗಳನ್ನು ಬೇರೆಯವರಿಗಿಂತ ಸ್ವಲ್ಪ ಹೆಚ್ಚು ಸಲುಗೆಯಿಂದ ನೋಡಿದರೆ ತಪ್ಪಿಲ್ಲ. ಮುಖ್ಯ ಭೂಭಾಗಗಳ ಮ್ಯಾಮತ್‌ಗಳಲ್ಲಿ ಹೆಚ್ಚಿನವು 10,000 ವರ್ಷಗಳ ಹಿಂದೆಯೇ ಅಳಿದರೂ, ಆರ್ಕ್ಟಿಕ್ ಸಾಗರದ ವ್ರ್ಯಾಂಗೆಲ್ ದ್ವೀಪದಲ್ಲಿ ಒಂದು ಗುಂಪು ಸುಮಾರು 4,000 ವರ್ಷಗಳ ಹಿಂದಿನವರೆಗೂ ಉಳಿದಿತ್ತು. ಅಂದರೆ ಸಿಂಧೂ ಕಣಿವೆಯ ನಗರಗಳಲ್ಲಿ ಜನ ಓಡಾಡುತ್ತಿದ್ದ ಕಾಲಕ್ಕೆ ಭೂಮಿಯ ಮೇಲೆ ಮ್ಯಾಮತ್‌ಗಳೂ ಇದ್ದವು.

ಮೂಳೆಗಳು ಕಲ್ಲಾಗಿವೆಯೇ? ಮುಟ್ಟಬಹುದೇ?

ಡೈನೋಸಾರ್ ಮೂಳೆಗಳಂತೆ ಇವು ಕಲ್ಲಾಗಿಲ್ಲ. ಒಳಗಿನ ಜೈವಿಕ ಅಂಶ ಹೋಗಿ, ಮೂಳೆಯ ಖನಿಜ ಭಾಗ ಹಾಗೆಯೇ ಉಳಿದಿದೆ. ಆದ್ದರಿಂದ ನೋಡಲು ಗಟ್ಟಿಯಾಗಿ ಕಂಡರೂ ಬಹಳ ಪೆಡಸು. ಹೂಳಿನ ತೇವ ಆರುತ್ತಿದ್ದಂತೆ ಬಿರುಕು ಬಿಡುತ್ತವೆ. ಅಗೆಯುವವರು ಸಣ್ಣ ಕರಣೆ ಮತ್ತು ಬ್ರಷ್ಷುಗಳಿಂದ ಮಣ್ಣು ಬಿಡಿಸಿ, ನಿಧಾನವಾಗಿ ಒಣಗಿಸಿ, ಗಟ್ಟಿಗೊಳಿಸುವ ದ್ರಾವಣ ಹಚ್ಚುತ್ತಾರೆ. ಬೇರೆ ಕಡೆಗೆ ಒಯ್ಯಬೇಕಾದ ಮೂಳೆಗೆ ಪ್ಲಾಸ್ಟರ್ ಕವಚ ಕಟ್ಟುತ್ತಾರೆ. ತೆಗೆದ ಮಣ್ಣನ್ನೂ ಎಸೆಯದೆ ಜರಡಿ ಹಿಡಿದು ಇಲಿಯ ಹಲ್ಲು, ಬಸವನಹುಳದ ಚಿಪ್ಪುಗಳನ್ನು ಹುಡುಕುತ್ತಾರೆ.

ಹೂಳಿನ ನೆಲದಲ್ಲಿರುವ ಯಾವುದನ್ನೂ ಮುಟ್ಟುವಂತಿಲ್ಲ, ಸಂದರ್ಶಕರ ಕಾಲುದಾರಿ ಬಿಟ್ಟು ಇಳಿಯುವಂತಿಲ್ಲ. ಕೈಯಲ್ಲಿರುವ ಮೊಬೈಲು, ಕ್ಯಾಮೆರಾ ಕೆಳಗೆ ಬೀಳದಂತೆ ನೋಡಿಕೊಳ್ಳಿ. ಬಿದ್ದರೆ ಹಾಳಾಗುವುದು ಮೊಬೈಲು ಮಾತ್ರವಲ್ಲ.

ಮೂಳೆಗಳನ್ನು ಜೋಡಿಸಿ ನಿಲ್ಲಿಸಿಲ್ಲ ಏಕೆ?

ಕೆಲವರು ಹೊರಬಂದು ಬೇಸರದಿಂದ ಕೇಳುವ ಪ್ರಶ್ನೆ ಇದು. ನಿಂತ ಅಸ್ಥಿಪಂಜರ ನೋಡುವ ಆಸೆಯಿದ್ದರೆ ಪಕ್ಕದ ಪ್ರದರ್ಶನ ಕೋಣೆಯಲ್ಲಿ ಪ್ರತಿಕೃತಿಗಳಿವೆ, ಮ್ಯಾಮತ್ ಮೂಳೆಗಳಿಂದ ಉಕ್ರೇನಿನಲ್ಲಿ ಕಟ್ಟಿದ್ದಂಥ ಗುಡಿಸಲಿನ ಮಾದರಿಯೂ ಇದೆ. ಆದರೆ ಈ ತಾಣದ ಬೆಲೆಯೆಲ್ಲ ಇರುವುದು ಮೂಳೆಗಳು ಬಿದ್ದಿರುವ ರೀತಿಯಲ್ಲಿ. ಯಾವ ಮೂಳೆ ಯಾವ ಪದರದಲ್ಲಿದೆ, ಯಾವ ದಿಕ್ಕಿಗೆ ಮುಖ ಮಾಡಿದೆ, ಬೆನ್ನುಮೂಳೆ ಸಾಲಾಗಿ ಉಳಿದಿದೆಯೇ ಅಥವಾ ಚದುರಿದೆಯೇ ಎಂಬುದರಿಂದಲೇ ಅವು ಒಂದೇ ದಿನ ಸಾಯಲಿಲ್ಲ, ದಡದ ಬಳಿ ಸತ್ತವೂ ನಡುವೆ ಸತ್ತವೂ ಬೇರೆ ಬೇರೆ ಎಂದು ತಿಳಿದದ್ದು. ಮೂಳೆಯನ್ನು ಎತ್ತಿ ತೊಳೆದು ನಿಲ್ಲಿಸಿದರೆ ಒಂದು ಪ್ರಾಣಿ ಸಿಗುತ್ತದೆ, ಅದರ ಕಥೆ ಕಳೆದುಹೋಗುತ್ತದೆ. 1980ರ ದಶಕದಲ್ಲಿ ಗುಂಡಿಯ ಮೇಲೆಯೇ ಕಟ್ಟಡ ಕಟ್ಟಲು ಇದೇ ಕಾರಣ. ಮುಂದೆ ಇನ್ನೂ ಒಳ್ಳೆಯ ಪರೀಕ್ಷೆಗಳು ಬರಬಹುದೆಂದು ಹೂಳಿನ ದೊಡ್ಡ ಭಾಗವನ್ನು ಅಗೆಯದೆ ಬಿಟ್ಟಿರುವುದೂ ಸಂರಕ್ಷಣೆಯೇ. ವಯಸ್ಸಿನ ಲೆಕ್ಕ 26,000ದಿಂದ 1,40,000ಕ್ಕೆ ಬದಲಾದದ್ದು ಮಣ್ಣು ಅಲ್ಲಿಯೇ ಉಳಿದಿದ್ದರಿಂದ.

ಅಗೆದು ತೆರೆದು ಬಿದ್ದಲ್ಲೇ ಬಿಟ್ಟ ಮೂಳೆಗಳಲ್ಲಿ ಎರಡನ್ನು ತಪ್ಪದೆ ನೋಡಿ: ಪೂರ್ಣವಾಗಿ ಉಳಿದ ಒಂದು ತಲೆಬುರುಡೆಗೆ ನೆಪೋಲಿಯನ್ ಎಂದೂ, ತಲೆಯಿಲ್ಲದ ಒಂದು ಅಸ್ಥಿಪಂಜರಕ್ಕೆ ಮೇರಿ ಆಂಟೊನೆಟ್ ಎಂದೂ ಅಗೆದವರು ಹೆಸರಿಟ್ಟಿದ್ದಾರೆ. ಮೇರಿ ಆಂಟೊನೆಟ್ ಕ್ರಾಂತಿಯ ಕಾಲದಲ್ಲಿ ತಲೆ ಕಡಿಯಲ್ಪಟ್ಟ ಫ್ರಾನ್ಸಿನ ರಾಣಿ ಎಂದು ಗೊತ್ತಿದ್ದವರಿಗೆ ಎರಡನೆಯ ಹೆಸರಿನ ಕುಚೋದ್ಯ ತಿಳಿಯುತ್ತದೆ.

ಮ್ಯಾಮತ್ ಬಿಟ್ಟು ಬೇರೆ ಪ್ರಾಣಿಗಳೂ ಸಿಕ್ಕಿವೆಯೇ? ಮನುಷ್ಯರ ಗುರುತುಗಳಿವೆಯೇ?

ಒಂಟೆ, ಲಾಮಾ, ತೋಳ, ಪ್ರಾಂಗ್‌ಹಾರ್ನ್ ಎಂಬ ಜಿಂಕೆಯಂಥ ಪ್ರಾಣಿ, ಮೀನು, ಬಸವನಹುಳ ಮತ್ತು ಹಲವು ಬಗೆಯ ದಂಶಕಗಳು ಸಿಕ್ಕಿವೆ. ಒಂಟೆಯ ಕುಲ ಹುಟ್ಟಿದ್ದೇ ಉತ್ತರ ಅಮೆರಿಕದಲ್ಲಿ, ಆದ್ದರಿಂದ ಅಚ್ಚರಿಪಡಬೇಕಿಲ್ಲ. 1983ರಲ್ಲಿ ಸಿಕ್ಕ ದೈತ್ಯ ಗಿಡ್ಡಮೂತಿ ಕರಡಿಯ ಮೂಳೆಗಳು ಮಾತ್ರ ದೊಡ್ಡ ಸುದ್ದಿಯಾದವು. ಸತ್ತ ಮ್ಯಾಮತ್‌ನ ವಾಸನೆಗೆ ಬಂದು ಅದೂ ಜಾರಿ ಬಿದ್ದಿರಬೇಕು. ಮನುಷ್ಯರ ಆಯುಧಗಳಾಗಲೀ ಮಾಂಸ ಕೊಯ್ದ ಗುರುತುಗಳಾಗಲೀ ಸಿಕ್ಕಿಲ್ಲ. ಇದು ಬೇಟೆಯ ಜಾಗವಲ್ಲ.

ಭೇಟಿ ಹೇಗೆ ನಡೆಯುತ್ತದೆ? ರಾಷ್ಟ್ರೀಯ ಉದ್ಯಾನದ ಪಾಸ್ ನಡೆಯುತ್ತದೆಯೇ?

ನಡೆಯುವುದಿಲ್ಲ. ರಾಷ್ಟ್ರೀಯ ಹೆಗ್ಗುರುತು ಎಂಬ ಮಾನ್ಯತೆ ಇದ್ದರೂ ಇದು ಸರ್ಕಾರದ ಉದ್ಯಾನವಲ್ಲ. ಟಿಕೆಟ್ಟಿನ ಹಣ ಮತ್ತು ದೇಣಿಗೆಗಳಿಂದ ನಡೆಯುವ ಲಾಭರಹಿತ ಸಂಸ್ಥೆ. ಆದ್ದರಿಂದ ವಾರ್ಷಿಕ ಪಾಸ್ ಇದ್ದವರೂ ಬೇರೆ ಟಿಕೆಟ್ ಕೊಳ್ಳಬೇಕು. ವರ್ಷವಿಡೀ ತೆರೆದಿರುತ್ತದೆಯಾದರೂ ಸಮಯ ಮತ್ತು ದರ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮೊದಲು ತಾಣದ ಜಾಲತಾಣದಲ್ಲಿ ನೋಡಿಕೊಳ್ಳಿ. ಸುಮಾರು ಅರ್ಧ ಗಂಟೆಯ ವಿವರಣೆಯೊಂದಿಗೆ ಸುತ್ತು ಹಾಕಿಸುತ್ತಾರೆ. ಅದಾದ ಮೇಲೆ ನೀವೇ ಇನ್ನೊಮ್ಮೆ ನಿಧಾನವಾಗಿ ನೋಡಬಹುದು. ಕೆಳಗಿನ ಅಂತಸ್ತಿನ ಪ್ರಯೋಗಾಲಯದಲ್ಲಿ ಮೂಳೆ ಶುಚಿಗೊಳಿಸುವವರನ್ನು ಗಾಜಿನ ಆಚೆಯಿಂದ ನೋಡಬಹುದು. ಒಟ್ಟು ಎರಡು ಗಂಟೆ ಇಟ್ಟುಕೊಂಡರೆ ಸಾಕು. ಎಲ್ಲವೂ ಸೂರಿನಡಿ ಇರುವುದರಿಂದ ಮಳೆ, ಬಿಸಿಲಿನ ಚಿಂತೆಯಿಲ್ಲ.

ಯಾವ ಕಾಲದಲ್ಲಿ ಹೋಗುವುದು ಒಳ್ಳೆಯದು?

ಅಗೆತದ ಕೆಲಸವನ್ನು ಕಣ್ಣಾರೆ ನೋಡಬೇಕೆಂದರೆ ಬೇಸಿಗೆಯಲ್ಲಿ ಹೋಗಿ. ಸ್ವಯಂಸೇವಕರ ತಂಡಗಳು ಆಗಲೇ ಬರುವುದು. ಆಗಸ್ಟ್ ಮೊದಲ ಭಾಗದಲ್ಲಿ ಇದೇ ಬೆಟ್ಟಸಾಲಿನ ಉತ್ತರದ ಸ್ಟರ್ಜಿಸ್ ಊರಿನಲ್ಲಿ ಮೋಟಾರ್‌ಸೈಕಲ್ ಜಾತ್ರೆ ನಡೆಯುತ್ತದೆ. ಆಗ ಇಡೀ ಬ್ಲ್ಯಾಕ್ ಹಿಲ್ಸ್‌ನಲ್ಲಿ ವಸತಿ ಸಿಗುವುದು ಕಷ್ಟ, ಸಿಕ್ಕರೂ ಬಾಡಿಗೆ ದುಬಾರಿ. ಸೆಪ್ಟೆಂಬರ್ ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹಿತವಾದ ತಿಂಗಳು. ಚಳಿಗಾಲದಲ್ಲಿ ಜನ ಕಡಿಮೆ, ಆದರೆ ಹಿಮದ ರಸ್ತೆಯಲ್ಲಿ ಕಾರು ಓಡಿಸಿ ಅಭ್ಯಾಸವಿಲ್ಲದವರು ಹೊರಡದಿರುವುದೇ ಮೇಲು.

ಮಕ್ಕಳನ್ನೂ ವಯಸ್ಸಾದ ತಂದೆ ತಾಯಿಯರನ್ನೂ ಕರೆದುಕೊಂಡು ಹೋಗಬಹುದೇ?

ಧಾರಾಳವಾಗಿ ಹೋಗಬಹುದು. ಭಾರತದಿಂದ ಬಂದ ಅಪ್ಪ ಅಮ್ಮನನ್ನು ಗುಹೆ, ಚಾರಣ ಎಂದು ನಡೆಸಲಾಗದವರಿಗೆ ಈ ಪ್ರದೇಶದಲ್ಲಿ ಇದಕ್ಕಿಂತ ಅನುಕೂಲವಾದ ಜಾಗ ಕಡಿಮೆ, ಗಾಲಿಕುರ್ಚಿಗೂ ದಾರಿಯಿದೆ. ಬೇಸಿಗೆಯಲ್ಲಿ ಮಕ್ಕಳಿಗಾಗಿ ಪ್ರತಿಕೃತಿ ಮೂಳೆಗಳನ್ನು ಮಣ್ಣಿನಲ್ಲಿ ಹೂತಿಟ್ಟು ಅಗೆಯುವುದನ್ನು ಕಲಿಸುವ ಕಾರ್ಯಕ್ರಮ ನಡೆಯುತ್ತದೆ. ಅದಕ್ಕೆ ಬೇರೆ ಶುಲ್ಕವಿದ್ದು ಜಾಗಗಳು ಬೇಗ ತುಂಬುತ್ತವೆ, ಮೊದಲೇ ಕಾದಿರಿಸಿ.

ಹೋಗುವುದು ಹೇಗೆ? ಊಟದ ವ್ಯವಸ್ಥೆ?

ಹತ್ತಿರದ ವಿಮಾನ ನಿಲ್ದಾಣ ರ್‍ಯಾಪಿಡ್ ಸಿಟಿಯದು. ಆ ನಗರದಿಂದ ದಕ್ಷಿಣಕ್ಕೆ 79ನೇ ಹೆದ್ದಾರಿಯಲ್ಲಿ ಸುಮಾರು ಒಂದು ಗಂಟೆಯ ದಾರಿ. ಸ್ವಂತ ಅಥವಾ ಬಾಡಿಗೆ ಕಾರಿಲ್ಲದೆ ಇಲ್ಲಿಗೆ ಬರುವ ಯೋಜನೆ ಹಾಕಬೇಡಿ. ಊರು ಚಿಕ್ಕದು, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಚಪಾತಿ, ಪುಳಿಯೋಗರೆ ಕಟ್ಟಿಕೊಂಡು ಹೋಗುವ ನಮ್ಮ ಹಳೆಯ ಪದ್ಧತಿ ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಅದೇ ದಿನ ಸುತ್ತಮುತ್ತ ಇನ್ನೇನು ನೋಡಬಹುದು?

ಉತ್ತರಕ್ಕೆ ಸುಮಾರು ಇಪ್ಪತ್ತು ನಿಮಿಷದ ದಾರಿಯಲ್ಲಿ ವಿಂಡ್ ಕೇವ್ ಎಂಬ ಗುಹೆಯಿರುವ ರಾಷ್ಟ್ರೀಯ ಉದ್ಯಾನವಿದೆ. ಈ ಪ್ರದೇಶದ ಮೂಲನಿವಾಸಿಗಳಾದ ಲಕೋಟಾ ಜನರು ತಮ್ಮ ಪೂರ್ವಜರು ಭೂಮಿಯ ಒಳಗಿನಿಂದ ಇಲ್ಲಿಯೇ ಹೊರಬಂದರೆಂದು ನಂಬುತ್ತಾರೆ. ಗುಹೆಯ ಸಹಜ ಬಾಯಿಯ ಬಳಿ ಅದಕ್ಕೆ ತಕ್ಕ ಗೌರವದಿಂದ ನಡೆದುಕೊಳ್ಳಬೇಕು. ಮೇಲಿನ ಹುಲ್ಲುಗಾವಲಿನಲ್ಲಿ ಕಾಡೆಮ್ಮೆಗಳ ದೊಡ್ಡ ಹಿಂಡುಗಳಿವೆ, ಫೋಟೋ ತೆಗೆಯಲು ಕಾರಿನಿಂದ ಇಳಿದು ಹತ್ತಿರ ಹೋಗಬೇಡಿ. ಹಾಟ್ ಸ್ಪ್ರಿಂಗ್ಸ್ ಊರಿನಲ್ಲೇ ಬುಗ್ಗೆಯ ನೀರು ತುಂಬುವ ಈಜುಕೊಳವೊಂದಿದ್ದು, ಮ್ಯಾಮತ್‌ಗಳನ್ನು ಸೆಳೆದ ನೀರು ಎಷ್ಟು ಬೆಚ್ಚಗಿದ್ದಿರಬಹುದೆಂದು ಅಲ್ಲಿ ಅಂದಾಜಿಸಬಹುದು.

ಟೆಕ್ಸಾಸಿನಲ್ಲೂ ಇಂಥದೇ ತಾಣವಿದೆಯಂತೆ. ಎರಡರಲ್ಲಿ ಯಾವುದನ್ನು ನೋಡಬೇಕು?

ಡಲ್ಲಾಸ್ ಮತ್ತು ಆಸ್ಟಿನ್ ನಡುವಿನ ವೇಕೋ ನಗರದ ಬಳಿ 1978ರಲ್ಲಿ ಪತ್ತೆಯಾದ ತಾಣವನ್ನು 2015ರಲ್ಲಿ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಲಾಯಿತು. ಅಲ್ಲಿ ಸಿಕ್ಕವೂ ಕೊಲಂಬಿಯನ್ ಮ್ಯಾಮತ್‌ಗಳೇ, ಆದರೆ ಮುಖ್ಯವಾಗಿ ತಾಯಂದಿರು ಮತ್ತು ಮರಿಗಳ ಹಿಂಡು. ಹಾಟ್ ಸ್ಪ್ರಿಂಗ್ಸ್‌ನಲ್ಲಿ ಹಿಂಡು ಬಿಟ್ಟು ಹೋದವರು, ವೇಕೋದಲ್ಲಿ ಹಿಂಡಿನಲ್ಲಿ ಉಳಿದವರು. ಸಮಯವಿದ್ದವರು ಎರಡನ್ನೂ ನೋಡಬೇಕು. ಒಂದನ್ನೇ ಆರಿಸಬೇಕಾದರೆ, ಮೂಳೆಗಳ ಪ್ರಮಾಣದ ದೃಷ್ಟಿಯಿಂದ ಹಾಟ್ ಸ್ಪ್ರಿಂಗ್ಸ್ ಮುಂದಿದೆ. ಡಲ್ಲಾಸ್, ಆಸ್ಟಿನ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ವೇಕೋ ಮನೆಬಾಗಿಲಲ್ಲೇ ಇದೆ.

ಭಾರತದಲ್ಲಿ ಇಂಥ ತಾಣಗಳಿವೆಯೇ?

ಹಿಮಾಚಲ ಪ್ರದೇಶದ ಸಾಕೇತಿಯಲ್ಲಿ ಶಿವಾಲಿಕ್ ಪಳೆಯುಳಿಕೆ ಉದ್ಯಾನವಿದೆ. ಕಾಕತಾಳೀಯವೆಂಬಂತೆ ಅದು ಆರಂಭವಾದದ್ದೂ 1974ರಲ್ಲೇ. ಶಿವಾಲಿಕ್ ಬೆಟ್ಟಗಳಲ್ಲಿ ಸಿಕ್ಕ, ಆನೆಯ ದೂರದ ಬಂಧುವಾದ ಒಂದು ಪ್ರಾಣಿಗೆ ಹತ್ತೊಂಬತ್ತನೆಯ ಶತಮಾನದ ವಿಜ್ಞಾನಿಗಳು ಗಣೇಶನ ಹೆಸರನ್ನೇ ಇಟ್ಟರು: ಸ್ಟೆಗೊಡಾನ್ ಗಣೇಶ. ಅದರ ಪೂರ್ಣ ಗಾತ್ರದ ಮಾದರಿಗಳು ಸಾಕೇತಿಯಲ್ಲಿವೆ.

ಪ್ರವಾಸದಲ್ಲಿ ಎಲ್ಲಾದರೂ ನೆಲದಲ್ಲಿ ಮೂಳೆ ಕಂಡರೆ ಏನು ಮಾಡಬೇಕು?

ಎತ್ತಬಾರದು, ಅಗೆಯಬಾರದು. ಸೌತ್ ಡಕೋಟಾದಲ್ಲಿ, ಮುಖ್ಯವಾಗಿ ಬ್ಯಾಡ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ, ನಡೆಯುವ ದಾರಿಯ ಪಕ್ಕದಲ್ಲೇ ಪಳೆಯುಳಿಕೆ ಕಾಣುವುದು ನಿಜವಾಗಿಯೂ ಸಾಧ್ಯ. 2010ರಲ್ಲಿ ಅಲ್ಲಿಗೆ ಬಂದಿದ್ದ ಏಳು ವರ್ಷದ ಹುಡುಗಿಯೊಬ್ಬಳು ಸಂದರ್ಶಕರ ಕೇಂದ್ರದ ಹತ್ತಿರವೇ ಕತ್ತಿಹಲ್ಲಿನ ಬೆಕ್ಕಿನಂಥ ಪ್ರಾಣಿಯ ತಲೆಬುರುಡೆಯನ್ನು ಕಂಡು ಸಿಬ್ಬಂದಿಗೆ ತಿಳಿಸಿದಳು. ಅದು ಆ ಉದ್ಯಾನದ ಬಹಳ ಮುಖ್ಯವಾದ ಶೋಧಗಳಲ್ಲಿ ಒಂದಾಯಿತು. ಕೇಂದ್ರ ಸರ್ಕಾರದ ಜಮೀನಿನಿಂದ ಕಶೇರುಕ ಪ್ರಾಣಿಗಳ ಪಳೆಯುಳಿಕೆಯನ್ನು ಅನುಮತಿಯಿಲ್ಲದೆ ತೆಗೆಯುವುದು 2009ರ ಕಾಯ್ದೆಯಡಿ ಅಪರಾಧ. ವೀಸಾದ ಮೇಲೆ ಇರುವವರು ಇಂಥ ಪ್ರಕರಣದಲ್ಲಿ ಸಿಕ್ಕಿಕೊಂಡರೆ ತೊಂದರೆ ದಂಡಕ್ಕೆ ಮುಗಿಯದೆಯೂ ಇರಬಹುದು. ಕಂಡದ್ದನ್ನು ಇದ್ದಲ್ಲೇ ಬಿಟ್ಟು, ಅಳತೆ ತಿಳಿಯುವಂತೆ ಪಕ್ಕದಲ್ಲಿ ಒಂದು ನಾಣ್ಯವನ್ನೋ ಪೆನ್ನನ್ನೋ ಇಟ್ಟು ಫೋಟೋ ತೆಗೆದುಕೊಳ್ಳಿ, ಮೊಬೈಲಿನ ನಕ್ಷೆಯಲ್ಲಿ ಜಾಗವನ್ನು ಗುರುತು ಹಾಕಿಕೊಳ್ಳಿ, ಮತ್ತು ಹೊರಡುವ ಮೊದಲು ಉದ್ಯಾನದ ಕಚೇರಿಯಲ್ಲಿ ಎರಡನ್ನೂ ತೋರಿಸಿ.